ಅಂಚಿನಲ್ಲಿ ‘ನ’: ಗೆಳೆಯರು ಕೂಡಿ ಡಾನ್ ಕ್ವಿಕ್ಸೋಟ್ ಓದಿದ ಬಗೆ

ಗಂಭೀರ ಕಾದಂಬರಿಯ ಬಗ್ಗೆ ಓದಿ ವಾರ ಕಳೆದ ಮೇಲೂ ನಾಲ್ಕು ಮಾತು ಆಡಬಹುದು. ಹಾಸ್ಯ ಕಾದಂಬರಿಗೆ ಆ ಸೌಕರ್ಯವಿಲ್ಲ. ಮಂಗಳವಾರ ರಾತ್ರಿ ಒಬ್ಬರೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಭಾನುವಾರ ಸಂಜೆಯ ಹೊತ್ತಿಗೆ ‘ಚಲೋ ಇತ್ತು’ ಎಂಬ ಎರಡು ಶಬ್ದಗಳಿಗೆ ಇಳಿದಿರುತ್ತದೆ. ಅಲ್ಲದೆ ಕೂಡಿ ಕೂತಾಗ ಒಬ್ಬರ ನಗು ಇನ್ನೊಬ್ಬರನ್ನು ಎಳೆಯುವುದರಿಂದ, ಯಾರಿಗೆ ನಿಜಕ್ಕೂ ನಗು ಬಂದಿತ್ತು, ಯಾರು ಮುಲಾಜಿಗೆ ನಕ್ಕರು ಎಂಬುದೂ ತಿಳಿಯುವುದಿಲ್ಲ. ನಾವು ಐದು ಜನ ಸ್ಪೇನಿನ ಲೇಖಕ ಸೆರ್ವಾಂಟಿಸ್‌ನ ‘ಡಾನ್ ಕ್ವಿಕ್ಸೋಟ್’ ಓದಲು ತೊಡಗಿದಾಗ ಮೊದಲು ಬಗೆಹರಿಸಿಕೊಂಡದ್ದು ಈ ತೊಡಕನ್ನು. ಮುಂದೆ ನಮ್ಮ ಓದು ಹಿಡಿದ ದಾರಿಗೆ ಆ ಏರ್ಪಾಡೇ ಕಾರಣವಾಯಿತು.

ಐವರಲ್ಲಿ ಒಬ್ಬರು ಸ್ಟಾಫ್ ನರ್ಸ್ ಆಗಿರುವ ಅಕ್ಕ, ಇನ್ನೊಬ್ಬರು ಗುಳೇದಗುಡ್ಡದ ನೇಕಾರ ಮನೆತನದಿಂದ ಬಂದ ಗಣಿತದ ಮಾಸ್ತರರು, ಮತ್ತೊಬ್ಬ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ಗೆಳೆಯ. ನಾಲ್ಕನೆಯವರು ಹಳೇ ಬಾಗಲಕೋಟೆಯಲ್ಲಿ ಬಹಳ ಕಾಲ ಮೋಟರ್ ರಿವೈಂಡಿಂಗ್ ಅಂಗಡಿ ನಡೆಸಿ, ಆಲಮಟ್ಟಿಯ ಹಿನ್ನೀರು ಬಂದ ಮೇಲೆ ನವನಗರಕ್ಕೆ ಬಂದು ನೆಲೆಸಿದ ಕಾಕಾ. ಐದನೆಯವನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ನಾನು. ಭಾನುವಾರ ಸಂಜೆ ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಚುರುಮುರಿ ಸುಸಲಾ, ಚಹಾ ಇಟ್ಟುಕೊಂಡು ಕೂಡುತ್ತಿದ್ದೆವು. ಪುಸ್ತಕದ ಆಯ್ಕೆಗೆ ದೊಡ್ಡ ಕಾರಣವೇನೂ ಇರಲಿಲ್ಲ. ಜಾನ್ ಓರ್ಮ್ಸ್‌ಬಿಯ 1885ರ ಇಂಗ್ಲಿಷ್ ಅನುವಾದ ಉಚಿತವಾಗಿ ಸಿಗುತ್ತದೆ, ಕಥೆ ಸಣ್ಣ ಸಣ್ಣ ಪ್ರಸಂಗಗಳಾಗಿ ಸಾಗುತ್ತದೆ. ನಮಗೆ ಅಷ್ಟು ಸಾಕಾಯಿತು. 1605ರ ಮೊದಲ ಭಾಗದಲ್ಲಿ 52 ಅಧ್ಯಾಯಗಳು, 1615ರ ಎರಡನೆಯ ಭಾಗದಲ್ಲಿ 74 ಅಧ್ಯಾಯಗಳು ಇರುವುದರಿಂದ ಅಧ್ಯಾಯದ ಲೆಕ್ಕ ಬಿಟ್ಟು ಪ್ರಸಂಗದ ಲೆಕ್ಕದಲ್ಲಿ ಪಾಲು ಮಾಡಿಕೊಂಡೆವು.

ಏರ್ಪಾಡು ಇಷ್ಟೇ. ಒಬ್ಬರೇ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಬೇಕು. ಸದ್ದು ಮಾಡಿ ನಕ್ಕಲ್ಲಿ ಅಂಚಿಗೆ ‘ನ’ ಎಂದು ಬರೆಯಬೇಕು, ಮನಸ್ಸಿನೊಳಗೇ ನಕ್ಕಲ್ಲಿ ಒಂದು ಚುಕ್ಕೆ, ಬರಹಗಾರ ನಗಿಸಲು ನೋಡಿದ್ದಾನೆ ಆದರೆ ನನಗೆ ಬರಲಿಲ್ಲ ಎನ್ನಿಸಿದಲ್ಲಿ ಒಂದು ಅಡ್ಡಗೆರೆ. ಫೋನಿನಲ್ಲಿ ಓದುವವರು ಇದನ್ನೇ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಭಾನುವಾರ ಕೂಡಿದ ಕೂಡಲೇ, ಮಾತಿಗೆ ಮೊದಲು, ಎಲ್ಲರ ಗುರುತುಗಳನ್ನೂ ನಾನು ಒಂದು ದಾಖಲೆ ಪುಸ್ತಕಕ್ಕೆ ಇಳಿಸುತ್ತಿದ್ದೆ. ಲೆಕ್ಕ ಬರೆಯುವವನಿಗೆ ಇದು ಸಹಜವಾಗಿಯೇ ಬಂದ ಕೆಲಸ. ಆಮೇಲೆ ಆ ಪಾಲಿನಲ್ಲಿ ಎಲ್ಲರಿಗಿಂತ ಕಡಿಮೆ ನಕ್ಕವರು ಮೊದಲು ಮಾತಾಡಬೇಕು. ನಕ್ಕವರಿಗೆ ಮೊದಲ ಮಾತು ಕೊಟ್ಟರೆ ನಗದವರು ತಮ್ಮ ಅಡ್ಡಗೆರೆಯನ್ನು ನುಂಗಿಕೊಂಡು ಬಿಡುತ್ತಾರೆ.

ಹಾಸ್ಯವನ್ನು ಬಿಡಿಸಿ ಹೇಳಬಾರದು ಎಂಬುದೂ ನಮ್ಮೊಳಗಿನ ಕಟ್ಟಾಗಿತ್ತು. ಯಾರಿಗಾದರೂ ಏಕೆ ನಗಬೇಕೆಂದು ತಿಳಿಯದಿದ್ದರೆ ಹಿಂದಿನ ಅರ್ಧ ಪುಟವನ್ನು ಗಟ್ಟಿಯಾಗಿ ಓದುವುದು, ಅಷ್ಟೇ. ಮೊದಲ ಅಧ್ಯಾಯದಲ್ಲಿ, ವೀರರ ಕಥೆಗಳನ್ನು ಓದಿ ಓದಿ ತಲೆ ಕೆಟ್ಟು ತಾನೂ ವೀರನಾಗಿ ಹೊರಡುವ ಕ್ವಿಕ್ಸೋಟ್ ತನ್ನ ಹಳೆಯ ಶಿರಸ್ತ್ರಾಣಕ್ಕೆ ರಟ್ಟಿನಿಂದ ಮುಖಗವಚ ಮಾಡಿಕೊಳ್ಳುತ್ತಾನೆ. ಗಟ್ಟಿಯಿದೆಯೇ ಎಂದು ಕತ್ತಿಯಿಂದ ಎರಡು ಏಟು ಹಾಕಿದಾಗ ವಾರವಿಡೀ ಮಾಡಿದ ಕೆಲಸ ಮೊದಲ ಏಟಿಗೇ ಹಾಳಾಗುತ್ತದೆ. ಒಳಗೆ ಕಬ್ಬಿಣದ ಪಟ್ಟಿ ಇಟ್ಟು ಮತ್ತೆ ಕಟ್ಟುತ್ತಾನೆ. ಎರಡನೆಯ ಸಲ ಪರೀಕ್ಷೆ ಮಾಡದೆ, ಇದು ಅತ್ಯುತ್ತಮವಾದದ್ದು ಎಂದು ತಾನೇ ಒಪ್ಪಿಕೊಂಡುಬಿಡುತ್ತಾನೆ. ಕೆಮಿಸ್ಟ್ ಗೆಳೆಯನ ಚೀಟಿಯಲ್ಲಿ ಇಲ್ಲಿ ಏನೂ ಇರಲಿಲ್ಲ. ಮಾಸ್ತರರು ಆ ಸಾಲುಗಳನ್ನು ಮುಖದಲ್ಲಿ ಭಾವವಿಲ್ಲದೆ ಇನ್ನೊಮ್ಮೆ ಓದಿದರು. ಅವನು ನಗುವುದಕ್ಕೆ ಮೊದಲೇ ಕಾಕಾ, “ಇಂವಗ ಹುಚ್ಚ ಹಿಡದೈತಿ ಅಂತೀರಿ, ಎರಡನೇ ಸಲ ಏಟ್ ಹಾಕಲಿಲ್ಲ ಅಂದ್ರ ಶ್ಯಾಣ್ಯಾನ ಅದಾನಲ್ಲೋ!” ಎಂದರು. ಗಟ್ಟಿಯಾಗಿ ಓದುವವರು ತಾವು ನಗಬಾರದು ಎಂಬುದನ್ನು ನಾವು ಮಾಸ್ತರರನ್ನು ನೋಡಿಯೇ ಕಲಿತೆವು.

ಕಾಕಾ ಇಂಗ್ಲಿಷ್ ಓದುವವರಲ್ಲ. ಅವರಿಗಾಗಿ ಪ್ರತಿ ಪಾಲನ್ನೂ ಸರದಿಯ ಮೇಲೆ ಒಬ್ಬರು ಕನ್ನಡದಲ್ಲಿ ಹೇಳುತ್ತಿದ್ದೆವು. ಅವರ ‘ನ’ ಮಾತ್ರ ನಮ್ಮೆದುರಿಗೇ ದಾಖಲಾಗುತ್ತಿತ್ತು. ಅವರು ಪಾರಿಜಾತ ನೋಡಿ ಬೆಳೆದವರು. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಪಾತ್ರಧಾರಿಗಳನ್ನು ತಡೆದು ನಿಲ್ಲಿಸಿ ಪ್ರಶ್ನೆ ಹಾಕುತ್ತಾನಲ್ಲ, ಕಾಕಾ ಕಥೆ ಹೇಳುವವರನ್ನು ಹಾಗೆಯೇ ನಿಲ್ಲಿಸುತ್ತಿದ್ದರು. ಕ್ವಿಕ್ಸೋಟ್ ಮೊದಲ ಸಲ ಒಂದು ಹೆದ್ದಾರಿಯ ಛತ್ರವನ್ನು ಕೋಟೆಯೆಂದು ತಿಳಿದು ಉಳಿದುಕೊಂಡ ಪ್ರಸಂಗ ನಡೆಯುತ್ತಿತ್ತು. “ಉಂಡಾನ, ವಸ್ತಿ ಇದ್ದಾನ, ರೊಕ್ಕ ಕೊಟ್ಟಾನೇನ?” ಎಂದು ಕಾಕಾ ಕೇಳಿದರು. ಮುಂದಿನ ಅಧ್ಯಾಯದಲ್ಲಿ ಛತ್ರದವನು ಕೇಳುವುದೂ ಅದನ್ನೇ, ಹಣ ತಂದಿದ್ದೀಯೇನು ಎಂದು. ವೀರರು ಹಣ ಇಟ್ಟುಕೊಂಡದ್ದನ್ನು ತಾನು ಯಾವ ಪುಸ್ತಕದಲ್ಲೂ ಓದಿಲ್ಲ ಎಂದು ಕ್ವಿಕ್ಸೋಟ್ ಉತ್ತರಿಸುತ್ತಾನೆ. ಕೇಳಿಸಿಕೊಂಡ ಕಾಕಾ ಛತ್ರದವನ ಪಕ್ಷ ವಹಿಸಿದವರು ಕೊನೆಯವರೆಗೂ ಆ ಪಕ್ಷ ಬಿಡಲಿಲ್ಲ.

ಕ್ವಿಕ್ಸೋಟ್ ಗಾಳಿಯಂತ್ರಗಳನ್ನು ರಾಕ್ಷಸರೆಂದು ತಿಳಿದು ಮೇಲೆರಗುವ, ಎಲ್ಲರಿಗೂ ಮೊದಲೇ ಗೊತ್ತಿದ್ದ ಪ್ರಸಂಗಕ್ಕೆ ನಮ್ಮ ದಾಖಲೆಯಲ್ಲಿ ಒಂದು ‘ನ’ ಕೂಡ ಬೀಳಲಿಲ್ಲ. ಎಂಟನೆಯ ಅಧ್ಯಾಯದಲ್ಲಿ ಅದು ಒಂದೆರಡು ಪುಟಗಳಲ್ಲಿ ಮುಗಿದೇ ಹೋಗುತ್ತದೆ. ಗದಗ, ಸವದತ್ತಿಯ ಕಡೆ ಹೋಗುವಾಗ ಗುಡ್ಡದ ಮೇಲೆ ತಿರುಗುವ ವಿದ್ಯುತ್ತಿನ ಗಾಳಿಯಂತ್ರಗಳನ್ನು ಕಂಡು ಆಡಿದ ತಮಾಷೆಯ ಮಾತುಗಳೇ ಆ ಸಂಜೆ ಹೆಚ್ಚಾಗಿ ಬಂದವು. ಮುಂದಿನ ಕಥೆಯನ್ನು ಯಾರೂ ಬಾಯಿಬಿಡಕೂಡದು ಎಂದು ನಾವು ಬಿಗಿ ಮಾಡಿದ್ದು ಇದಾದ ಮೇಲೆ.

ನಮ್ಮ ಓದಿನಲ್ಲಿ ಅತ್ಯಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ಅದಕ್ಕಿಂತ ಮುಂಚಿನ ನಾಲ್ಕನೆಯ ಅಧ್ಯಾಯ. ಕುರಿ ಕಾಯುವ ಹುಡುಗ ಆಂದ್ರೆಸ್‌ನನ್ನು ಅವನ ಧಣಿ ಮರಕ್ಕೆ ಕಟ್ಟಿ ಬೆಲ್ಟಿನಿಂದ ಹೊಡೆಯುತ್ತಿರುತ್ತಾನೆ. ಒಂಬತ್ತು ತಿಂಗಳ ಸಂಬಳವನ್ನೂ ಕೊಟ್ಟಿರುವುದಿಲ್ಲ. ಕ್ವಿಕ್ಸೋಟ್ ಈಟಿ ತೋರಿಸಿ ಧಣಿಯಿಂದ ಆಣೆ ಮಾಡಿಸಿಕೊಂಡು, ನ್ಯಾಯ ಸ್ಥಾಪಿಸಿದೆನೆಂಬ ತೃಪ್ತಿಯಿಂದ ಹೊರಟುಹೋಗುತ್ತಾನೆ. ಅವನು ಮರೆಯಾದ ಮೇಲೆ ಧಣಿ ಹುಡುಗನನ್ನು ಮತ್ತೆ ಕಟ್ಟಿ ಇನ್ನಷ್ಟು ಹೊಡೆಯುತ್ತಾನೆ. ಕೆಮಿಸ್ಟ್ ಇಲ್ಲಿ ಎರಡು ಕಡೆ ‘ನ’ ಬರೆದಿದ್ದ. ಅಕ್ಕನ ಅಂಚಿನಲ್ಲಿ ಉದ್ದಕ್ಕೂ ಅಡ್ಡಗೆರೆಗಳೇ ಇದ್ದವು. ನಿಯಮದಂತೆ ಮೊದಲು ಮಾತಾಡಿದ ಅಕ್ಕ, ಏಟು ತಿಂದ ಮಕ್ಕಳನ್ನು ವಾರ್ಡಿನಲ್ಲಿ ನೋಡಿದವರಿಗೆ ಈ ಪುಟದಲ್ಲಿ ನಗಲು ಏನೂ ಇಲ್ಲ ಎಂದರು. ತಾನು ನಕ್ಕದ್ದು ಹುಡುಗನನ್ನು ನೋಡಿ ಅಲ್ಲವೆಂದೂ, ಆಣೆಯ ಮೇಲೆ ಕ್ವಿಕ್ಸೋಟ್ ಇಟ್ಟ ಭರವಸೆಯನ್ನು ನೋಡಿ ಎಂದೂ ಗೆಳೆಯ ವಾದಿಸಿದ. ಕಾಕಾ ಇಬ್ಬರನ್ನೂ ನಿಲ್ಲಿಸಿ, “ಸಾಹೇಬ್ರು ಬರ್ತಾರ, ಹುಕುಂ ಕೊಡ್ತಾರ, ಜೀಪ್ ಹತ್ತಿ ಹೋಗ್ತಾರ. ಆಮ್ಯಾಲ ಏಟ್ ಬೀಳೂದು ಯಾರಿಗೆ?” ಎಂದರು. ಅವರು ಹೇಳಿದ್ದರಲ್ಲಿ ಹಾಸ್ಯವೂ ಇತ್ತು, ಅಕ್ಕನ ಅಡ್ಡಗೆರೆಯೂ ಇತ್ತು. ಸೆರ್ವಾಂಟಿಸ್ ಇದನ್ನು ಮರೆತಿಲ್ಲ ಎಂಬುದು 31ನೆಯ ಅಧ್ಯಾಯಕ್ಕೆ ಬಂದಾಗ ತಿಳಿಯಿತು. ಅಲ್ಲಿ ಆಂದ್ರೆಸ್ ಮತ್ತೆ ಎದುರಾಗಿ, ಇನ್ನು ಮೇಲೆ ನನ್ನನ್ನು ಯಾರಾದರೂ ತುಂಡು ತುಂಡು ಮಾಡುತ್ತಿದ್ದರೂ ದಯವಿಟ್ಟು ನೆರವಿಗೆ ಬರಬೇಡ ಎಂದು ಬೇಡಿಕೊಳ್ಳುತ್ತಾನೆ. ಆ ಪುಟಕ್ಕೆ ಅಕ್ಕ ‘ನ’ ಬರೆದಿದ್ದರು. ಕೆಮಿಸ್ಟ್ ಏನೂ ಬರೆದಿರಲಿಲ್ಲ. ಹಳೆಯ ಪುಟ ತಿರುವಿ ಎರಡೂ ಗುರುತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ದಾಖಲೆ ಇಟ್ಟದ್ದು ಸಾರ್ಥಕವಾಯಿತೆಂದು ನನಗೆ ಅನ್ನಿಸಿತು. ಬರೀ ಮಾತಿನಲ್ಲೇ ನಡೆಸಿದ್ದರೆ ಇಬ್ಬರಿಗೂ ತಮ್ಮ ಮೊದಲಿನ ಪ್ರತಿಕ್ರಿಯೆ ನೆನಪಿರುತ್ತಿರಲಿಲ್ಲ.

ಇಪ್ಪತ್ತನೆಯ ಅಧ್ಯಾಯದಲ್ಲಿ ಮಾಸ್ತರರು ನಮ್ಮೆಲ್ಲರಿಗಿಂತ ಮುಂದೆ ಓಡಿದರು. ಕಗ್ಗತ್ತಲ ರಾತ್ರಿಯಲ್ಲಿ ಎಲ್ಲಿಂದಲೋ ಲಯಬದ್ಧವಾಗಿ ಭಯಂಕರ ಬಡಿತ ಕೇಳಿಸುತ್ತದೆ. ಕ್ವಿಕ್ಸೋಟ್ ಜೊತೆಗೆ ಕರೆದುಕೊಂಡು ಬಂದ ಸೇವಕ ಸ್ಯಾಂಚೊ ನಡುಗುತ್ತಾನೆ, ಕ್ವಿಕ್ಸೋಟ್ ಸಾಯುವ ಸಿದ್ಧತೆಯ ಭಾಷಣ ಮಾಡುತ್ತಾನೆ. ಬೆಳಗಾದ ಮೇಲೆ ನೋಡಿದರೆ ನೀರಿನ ಬಲದಿಂದ ಬಟ್ಟೆಯನ್ನು ಕುಟ್ಟುವ ಆರು ಮರದ ಸುತ್ತಿಗೆಗಳು. ನಮ್ಮೆಲ್ಲರ ‘ನ’ ಬೆಳಗಿನ ಪುಟದಲ್ಲಿದ್ದರೆ ಮಾಸ್ತರರದು ರಾತ್ರಿಯ ಪುಟದಲ್ಲೇ ಇತ್ತು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಒಂದೇ ಅಂತರದಲ್ಲಿ ಬೀಳುವ ಬಡಿತ ಯಂತ್ರದ್ದೇ ಹೊರತು ರಾಕ್ಷಸನದಲ್ಲ ಎಂದು ತಿಳಿಯದೇ ಇರುತ್ತದೆಯೇ ಎಂದು ಅವರು ಕೇಳಿದರು. ಇದರ ಬೆನ್ನಿಗೇ ಬರುವ ಭಾಗ ನಮ್ಮಂಥ ಕೂಟಕ್ಕೆಂದೇ ಬರೆದಂತಿದೆ. ಸ್ಯಾಂಚೊನ ಉಬ್ಬಿದ ಕೆನ್ನೆ ನೋಡಿ ಕ್ವಿಕ್ಸೋಟ್‌ಗೂ ನಗು ಬರುತ್ತದೆ. ಧಣಿ ನಕ್ಕದ್ದನ್ನು ಕಂಡ ಸ್ಯಾಂಚೊ ನಾಲ್ಕು ಸಲ ನಗು ನಿಲ್ಲಿಸಿ ನಾಲ್ಕು ಸಲವೂ ಮತ್ತೆ ಸಿಡಿಯುತ್ತಾನೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ರಾತ್ರಿ ಧಣಿ ಆಡಿದ ವೀರಾವೇಶದ ಮಾತುಗಳನ್ನೇ ಅಣಕಿಸತೊಡಗಿದಾಗ ಬೆನ್ನಿಗೆ ಈಟಿಯ ಏಟು ಬೀಳುತ್ತದೆ. ಗೆಳೆಯರ ನಡುವೆ ಒಬ್ಬರ ಗುರುತನ್ನು ನೋಡಿ ನಗಬಹುದು, ಅವರ ಮಾತನ್ನು ಅಣಕಿಸಬಾರದು ಎಂಬ ಕಟ್ಟಳೆಯನ್ನು ಮಾಸ್ತರರು ಅಂದೇ ನಮ್ಮ ನಿಯಮಗಳಿಗೆ ಸೇರಿಸಿದರು. ಅವರ ಭಾಷಣಗಳನ್ನು ಕೆಮಿಸ್ಟ್ ಅಣಕಿಸುತ್ತಿದ್ದ ಎಂಬುದೂ ಅದಕ್ಕೆ ಒಂದು ಕಾರಣ.

ಮೊದಲ ಭಾಗದ 32ನೆಯ ಅಧ್ಯಾಯ ಬಂದಾಗ ನಾವು ಮಾಡುತ್ತಿದ್ದ ಕೆಲಸ ಆ ಪುಸ್ತಕದೊಳಗೇ ನಡೆದಿರುವುದನ್ನು ಕಂಡೆವು. ಸುಗ್ಗಿಯ ಕಾಲದಲ್ಲಿ ಕೊಯ್ಲಿನ ಆಳುಗಳು ಛತ್ರದಲ್ಲಿ ಸೇರಿದಾಗ ಓದು ಬಲ್ಲ ಒಬ್ಬ ವೀರರ ಕಥೆಯ ಪುಸ್ತಕ ಹಿಡಿಯುತ್ತಾನೆ, ಮೂವತ್ತಕ್ಕೂ ಹೆಚ್ಚು ಜನ ಸುತ್ತ ಕೂತು ಕೇಳುತ್ತಾರೆ ಎಂದು ಛತ್ರದವನು ಹೇಳುತ್ತಾನೆ. ಅವನಿಗೆ ಕತ್ತಿಯ ಹೊಡೆದಾಟ ಇಷ್ಟ. ಅವನ ಹೆಂಡತಿಗೆ, ಗಂಡ ಕಥೆಯಲ್ಲಿ ಮುಳುಗಿ ಬೈಯುವುದನ್ನು ಮರೆಯುವ ಆ ಹೊತ್ತೇ ಇಷ್ಟ. ಕೆಲಸದ ಹುಡುಗಿಗೆ ಕಿತ್ತಳೆ ಮರದ ಕೆಳಗಿನ ಪ್ರಣಯ ಬೇಕು, ಮಗಳಿಗೆ ವಿರಹದಲ್ಲಿ ಗೋಳಿಡುವ ವೀರರು. ಒಂದೇ ಪುಸ್ತಕ, ನಾಲ್ಕು ಕಿವಿಗಳು. ಹತ್ತು ವರ್ಷಗಳ ನಂತರದ ಎರಡನೆಯ ಭಾಗದಲ್ಲಿ ಸೆರ್ವಾಂಟಿಸ್ ಇನ್ನೂ ಮುಂದೆ ಹೋಗುತ್ತಾನೆ: ಮೂರನೆಯ ಅಧ್ಯಾಯದಲ್ಲಿ ಪದವೀಧರ ಕರಾಸ್ಕೊ ಬಂದು, ಮೊದಲ ಭಾಗ ಓದಿದವರಲ್ಲಿ ಕೆಲವರಿಗೆ ಗಾಳಿಯಂತ್ರ ಹಿಡಿಸಿತು, ಕೆಲವರಿಗೆ ಬಟ್ಟೆ ಕುಟ್ಟುವ ಸುತ್ತಿಗೆಗಳು, ಕೆಲವರಿಗೆ ಕುರಿ ಹಿಂಡನ್ನು ಸೈನ್ಯವೆಂದು ತಿಳಿದದ್ದು ಎಂದು ಸ್ವತಃ ಕ್ವಿಕ್ಸೋಟ್‌ಗೇ ವರದಿ ಕೊಡುತ್ತಾನೆ. ನಡುವೆ ತುರುಕಿದ ಬೇರೆ ಕಥೆಯೊಂದು ಸಲ್ಲದ ಜಾಗದಲ್ಲಿದೆ ಎಂಬ ಓದುಗರ ದೂರನ್ನೂ ಮುಚ್ಚಿಡುವುದಿಲ್ಲ. ನಾವು ಆ ಕಥೆಯನ್ನು ಆಗಲೇ ಹಾರಿಸಿದ್ದೆವು.

ಎರಡನೆಯ ಭಾಗ ಓದುವಾಗ ಕಬ್ಬು ನುರಿಸುವ ಹಂಗಾಮು ಬಂದಿತ್ತು. ಕೆಮಿಸ್ಟ್ ಗೆಳೆಯ ಪಾಳಿಯ ನಡುವೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದ. ಅವುಗಳಲ್ಲಿ ನಗು ನಗುವಾಗಿಯೇ ಬರುತ್ತಿದ್ದರಿಂದ ‘ನ’ ಬರೆಯುವ ಅಗತ್ಯವೇ ಇರಲಿಲ್ಲ. ಸ್ಯಾಂಚೊ ದ್ವೀಪವೊಂದರ ಅಧಿಪತಿಯಾಗಿ ಊಟಕ್ಕೆ ಕೂತಾಗ, ಪಕ್ಕದಲ್ಲಿ ನಿಂತ ವೈದ್ಯ ಇದು ಉಷ್ಣ, ಅದು ತಂಪು ಎಂದು ಕೋಲು ಮುಟ್ಟಿಸಿ ಒಂದೊಂದೇ ತಟ್ಟೆಯನ್ನು ಎತ್ತಿಸುವ ಭಾಗಕ್ಕೆ ನಮ್ಮ ದಾಖಲೆಯಲ್ಲಿ ಅತಿ ಹೆಚ್ಚು ‘ನ’ ಬಿದ್ದಿದೆ. ಪಥ್ಯದ ಚೀಟಿ ಹಿಡಿದು ದಿನವೂ ರೋಗಿಗಳ ಜೊತೆ ಜಗಳವಾಡುವ ಅಕ್ಕ ಇಲ್ಲಿ ಮೊದಲ ಸಲ ಎಲ್ಲರಿಗಿಂತ ಹೆಚ್ಚು ನಕ್ಕರು.

ಆದರೆ ಡ್ಯೂಕ್ ದಂಪತಿಯ ಅರಮನೆಯ ಪುಟಗಳಲ್ಲಿ ಗುರುತುಗಳು ಕಡಿಮೆಯಾಗುತ್ತ ಬಂದವು. ಇವರು ಮೊದಲ ಭಾಗವನ್ನು ಓದಿದವರು. ಕ್ವಿಕ್ಸೋಟ್‌ನ ಹುಚ್ಚನ್ನು ಬಲ್ಲವರಾಗಿ, ಆಳುಕಾಳು ಸಮೇತ ನಾಟಕ ಹೂಡಿ ಅವನನ್ನು ಆಡಿಸುತ್ತಾರೆ. ಕ್ವಿಕ್ಸೋಟ್ ತನ್ನ ಪ್ರಿಯತಮೆಯೆಂದು ಆರಾಧಿಸುವ ಡಲ್ಸಿನಿಯಾಳ ಮೇಲಿನ ಮಾಟ ಬಿಡಿಸಲು ಸ್ಯಾಂಚೊ ತನ್ನ ಮೈಗೆ 3,300 ಚಾಟಿ ಏಟು ಹಾಕಿಕೊಳ್ಳಬೇಕೆಂದು ನಂಬಿಸಿದ್ದೂ ಇಲ್ಲಿಯೇ. ಸ್ಯಾಂಚೊ ಕತ್ತಲಲ್ಲಿ ಮರಗಳಿಗೆ ಹೊಡೆದು ಲೆಕ್ಕ ತುಂಬಿಸಿದಾಗ ಕಾಕಾ ಚಪ್ಪಾಳೆ ತಟ್ಟಿದರು, ಅದು ಬೇರೆ ಮಾತು. ದುಡ್ಡು, ಅಧಿಕಾರ ಎರಡೂ ಇದ್ದವರು ಹೊತ್ತು ಕಳೆಯಲು ಇಬ್ಬರು ಬಡಪಾಯಿಗಳನ್ನು ಬಳಸಿಕೊಳ್ಳುವುದನ್ನು ಓದಿ ನಗಲು ಅಕ್ಕ ಒಪ್ಪಲಿಲ್ಲ. ಈ ಕಾದಂಬರಿಯ ಕ್ರೌರ್ಯವನ್ನು ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್ 1952ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಕಟುವಾಗಿಯೇ ಎತ್ತಿ ಆಡಿದ್ದರೆಂದು ಮಾಸ್ತರರು ಹೇಳಿದಾಗ, “ಅವರು ಹೇಳಲಿ ಬಿಡಲಿ, ನನ್ನ ಗೆರಿ ನಂದ” ಎಂದು ಅಕ್ಕ ಅಂದರು. ಗೇಲಿ ಮಾಡಿಸಿಕೊಂಡವರಷ್ಟೇ ಗೇಲಿ ಮಾಡಿದವರೂ ಹುಚ್ಚರು ಎಂದು 70ನೆಯ ಅಧ್ಯಾಯದಲ್ಲಿ ಕಥೆಗಾರನೇ ಒಪ್ಪಿಕೊಳ್ಳುವುದನ್ನು ಓದಿದ ಮೇಲೂ ಅವರು ಆ ಗೆರೆಗಳನ್ನು ಅಳಿಸಲು ಕೊಡಲಿಲ್ಲ. ನನ್ನ ಅಭಿಪ್ರಾಯವೂ ಅವರ ಕಡೆಗೇ ಇದೆ.

ಕೊನೆಯ ಅಧ್ಯಾಯದಲ್ಲಿ ಕ್ವಿಕ್ಸೋಟ್ ಬುದ್ಧಿ ಮರಳಿ ಬಂದು, ಉಯಿಲು ಬರೆಸಿ ಮಲಗಿರುವಾಗ ಸೋದರ ಸೊಸೆ ಊಟ ಮಾಡುತ್ತಾಳೆ, ಮನೆಗೆಲಸದವಳು ಕುಡಿಯುತ್ತಾಳೆ, ಸ್ಯಾಂಚೊ ಕೂಡ ಖುಷಿಯಾಗಿಯೇ ಇರುತ್ತಾನೆ. ಏನಾದರೂ ಪಾಲು ಬರುತ್ತದೆಂದರೆ ದುಃಖ ತುಸು ಹಗುರಾಗುತ್ತದೆ ಎಂದು ಸೆರ್ವಾಂಟಿಸ್ ಬರೆದಿದ್ದಾನೆ. ಮಾಸ್ತರರು ಇದಕ್ಕೆ ಅಡ್ಡಗೆರೆ ಹಾಕಿದ್ದರು. ಅಕ್ಕ ಮತ್ತು ಕಾಕಾ ಇಬ್ಬರೂ ‘ನ’ ಬರೆಸಿದರು. ಅಲ್ಲಿ ವಾದ ಬೆಳೆದು, ಮುಂದಿನ ಪುಸ್ತಕ ಯಾವುದೆಂದು ಗೊತ್ತು ಮಾಡುವುದು ಇನ್ನೊಂದು ಭಾನುವಾರಕ್ಕೆ ಹೋಯಿತು. ಪುಸ್ತಕ ಇನ್ನೂ ಗೊತ್ತಾಗಿಲ್ಲ. ಇನ್ನೂರು ಪುಟ ಮೀರಬಾರದು, ಕಾಕಾ ತಾವೇ ಓದುವಂತೆ ಕನ್ನಡದ್ದೇ ಆಗಿರಬೇಕು, ಹಂಗಾಮು ಶುರುವಾಗುವ ಮೊದಲು ಮುಗಿಯಬೇಕು ಎಂಬಷ್ಟು ಮಾತ್ರ ದಾಖಲೆ ಪುಸ್ತಕದಲ್ಲಿ ಬರೆದಿದೆ.