ಬ್ರೇಕ್ ಹಾಕುವ ನರವನ್ನು ಬೆರಳಲ್ಲಿ ಹಿಡಿಯುವುದು ಹೇಗೆ?

ಕೈ ಎತ್ತು ಅಂದರೆ ಎತ್ತುತ್ತೇವೆ. ಎದೆ ಬಡಿತಕ್ಕೆ ‘ಸ್ವಲ್ಪ ತಡಿ’ ಅಂದರೆ ಕೇಳುತ್ತದೆಯೇ? ಊಟ ಅರಗುವುದು, ಬೆವರು ಬರುವುದೂ ಹಾಗೆಯೇ. ಇದನ್ನೆಲ್ಲ ನಮ್ಮನ್ನು ಕೇಳದೆ ನಡೆಸುವುದು ಸ್ವಾಯತ್ತ ನರವ್ಯೂಹ. ಅದು ಕೆಲಸ ಮಾಡುವುದನ್ನು ಮನೆಯಲ್ಲೇ ನೋಡಬಹುದು. ಒಂದು ಗಡಿಯಾರ, ಒಂದು ಕನ್ನಡಿ ಇದ್ದರೆ ಸಾಕು.

ಮೊದಲು ಐದು ನಿಮಿಷ ಸುಮ್ನೆ ಕೂರಿ. ಕಾಫಿ ಕುಡಿದ ಕೂಡಲೇ ಬೇಡ. ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಗೆ ಎರಡು ಬೆರಳಿಟ್ಟು ನಾಡಿ ಹುಡುಕಿ. ಹೆಬ್ಬೆರಳಲ್ಲಿ ಹಿಡಿದರೆ ಅದರದ್ದೇ ಬಡಿತ ಸಿಕ್ಕಿ ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ.

ಈಗ ಬೆರಳು ತೆಗೆಯದೆ ಐದು ಸೆಕೆಂಡ್ ಉಸಿರೆಳೆದುಕೊಳ್ಳಿ, ಐದು ಸೆಕೆಂಡ್ ಬಿಡಿ. ಎಳೆಯುವಾಗ ಬಡಿತ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಗಾಬರಿ ಬೇಡ, ಇದು ಸಹಜ. ಎಳೆಯರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ಕಡಿಮೆ.

ಕಾರಣ ಇಷ್ಟೇ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ 100ರ ಆಸುಪಾಸು ಬಡಿಯುತ್ತದೆ. ಮಿದುಳಿನ ಬುಡದಿಂದ ಇಳಿದು ಬರುವ ವೇಗಸ್ ನರ ಬ್ರೇಕ್ ಹಾಕಿ ಅದನ್ನು 70ರ ಹತ್ತಿರ ಇಟ್ಟಿರುತ್ತದೆ. ಉಸಿರೆಳೆದಾಗ ಬ್ರೇಕ್ ಸಡಿಲ, ಬಿಟ್ಟಾಗ ಬಿಗಿ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಅನ್ನಿಸುವ ಸಿಂಪಥೆಟಿಕ್ ನರಗಳಿಗೇ ಹೆಸರು ಜಾಸ್ತಿ. ದಿನವಿಡೀ ದುಡಿಯುವ ಈ ಬ್ರೇಕನ್ನು ಯಾರೂ ನೆನೆಯುವುದಿಲ್ಲ, ಅಲ್ವಾ?

ವಿಜ್ಞಾನಿ ಒಟ್ಟೊ ಲೋವಿ ನೆನೆದರು. 1921ರಲ್ಲಿ ಅವರು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿದರು. ಬಡಿತ ನಿಧಾನವಾಯಿತು. ಅದರ ಸುತ್ತ ಇದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಬಿಟ್ಟರೆ ಅದೂ ನಿಧಾನ! ನರ ರಾಸಾಯನಿಕದ ಮೂಲಕ ಮಾತಾಡುತ್ತದೆ ಎಂದು ಗೊತ್ತಾಗಿದ್ದು ಹೀಗೆ. ಈ ಪ್ರಯೋಗ ಅವರಿಗೆ ಕನಸಿನಲ್ಲಿ ಹೊಳೆದಿತ್ತಂತೆ. ಮೊದಲ ರಾತ್ರಿ ಗೀಚಿಟ್ಟಿದ್ದು ಬೆಳಗ್ಗೆ ಅವರಿಗೇ ಓದಲಾಗಲಿಲ್ಲ. ಮರುರಾತ್ರಿ ಕನಸು ಮತ್ತೆ ಬಂದಾಗ ಎದ್ದು ನೇರ ಪ್ರಯೋಗಾಲಯಕ್ಕೆ ಹೋದರು. 1936ರಲ್ಲಿ ನೊಬೆಲ್ ಬಂತು.

ಮುಂದಿನದು ಎದ್ದು ನಿಲ್ಲುವ ಪರೀಕ್ಷೆ. ಐದು ನಿಮಿಷ ಮಲಗಿ ನಾಡಿ ಎಣಿಸಿ. ಗೋಡೆ ಪಕ್ಕ ಎದ್ದು ನಿಂತು ಮತ್ತೆ ಎಣಿಸಿ. ಸಾಮಾನ್ಯವಾಗಿ 10–20 ಜಾಸ್ತಿ ಇರುತ್ತದೆ. ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕೆಳಕ್ಕೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳ ಒತ್ತಡ ಇಳಿದದ್ದನ್ನು ಕೂಡಲೇ ಮಿದುಳಿಗೆ ತಿಳಿಸುತ್ತದೆ. ಬಡಿತ ಏರುತ್ತದೆ, ಕಾಲಿನ ರಕ್ತನಾಳಗಳು ಬಿಗಿಯಾಗುತ್ತವೆ. ವಯಸ್ಸಾದವರು, ಬಿಪಿ ಮಾತ್ರೆ ನುಂಗುವವರು ಒಬ್ಬರೇ ಮಾಡಬೇಡಿ. ಕಣ್ಣು ಕತ್ತಲೆ ಬಂದರೆ ತಕ್ಷಣ ಕೂತುಬಿಡಿ. ಎದ್ದಾಗಲೆಲ್ಲ ಹೀಗಾದರೆ ವೈದ್ಯರಿಗೆ ಹೇಳಿ. ತುಂಬಾ ವರ್ಷದ ಸಕ್ಕರೆ ಕಾಯಿಲೆ ಈ ನರಗಳನ್ನೂ ಕೆಡಿಸಬಲ್ಲದು.

ಕೊನೆಗೆ ಕನ್ನಡಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ತೆರೆದ ಕಣ್ಣಿನ ಪಾಪೆಯನ್ನೇ ನೋಡುತ್ತಾ ಫಕ್ಕನೆ ಕೈ ತೆಗೆಯಿರಿ. ಬೆಳಕು ಬಿದ್ದದ್ದು ಆ ಕಣ್ಣಿಗೆ, ಕುಗ್ಗುವುದು ಈ ಕಣ್ಣಿನ ಪಾಪೆಯೂ! ನಮ್ಮ ಕಪ್ಪು ಕಣ್ಣಲ್ಲಿ ಪಾಪೆ ಗುರುತಿಸುವುದು ಕಷ್ಟ. ಕಿಟಕಿ ಹತ್ತಿರ ನಿಂತು ನೋಡಿ.