ಅಡುಗೆಮನೆ ಕಿಟಕಿಯಲ್ಲೇ ಮೆಂತ್ಯದ ಎಳೆಸೊಪ್ಪು

ಮೆಂತ್ಯದ ಎಳೆಸೊಪ್ಪಿಗೆ ತೋಟ ಬೇಡ, ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಅಡುಗೆಗೆ ತಂದ ಮೆಂತ್ಯವನ್ನೇ ರಾತ್ರಿ ನೆನೆಹಾಕಿ. ಬಿತ್ತನೆ ಬೀಜ ಮಾತ್ರ ಬೇಡ, ಅದಕ್ಕೆ ಔಷಧಿ ಸವರಿರಬಹುದು. ತಳಕ್ಕೆ ನಾಲ್ಕು ತೂತು ಮಾಡಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹರಡಿ, ಕಾಳು ಒತ್ತೊತ್ತಾಗಿ ಉದುರಿಸಿ. ಎರಡು ದಿನ ಮುಚ್ಚಿಟ್ಟು ಆಮೇಲೆ ಬೆಳಕಿಗಿಡಿ. ದಿನಾ ನೀರು ಚಿಮುಕಿಸಿದರೆ ಸಾಕು. ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತದೆ.

8–10 ದಿನಕ್ಕೆ ಎರಡೆರಡು ಎಲೆ ಬಿಚ್ಚಿರುತ್ತವೆ. ಕೆಲವದರ ತುದಿಗೆ ಕಾಳಿನ ಸಿಪ್ಪೆ ಇನ್ನೂ ಟೋಪಿ ಹಾಗೆ ಅಂಟಿಕೊಂಡಿರುತ್ತದೆ, ನೋಡೋಕೇ ಖುಷಿ! ಬುಡದಿಂದ ಸ್ವಲ್ಪ ಮೇಲೆ ಕತ್ತರಿಸಿ, ಚೆನ್ನಾಗಿ ತೊಳೆದು, ಹೆಸರುಬೇಳೆ ಕೋಸಂಬರಿಗೆ ಸೇರಿಸಿ. ನಿಂಬೆರಸ ಮರೆಯಬೇಡಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಮನೆಯಲ್ಲಿ ಬಸುರಿಯರಿದ್ದರೆ ಅವರಿಗೆ ಹಸಿಯಾಗಿ ಬೇಡ, ಬೇಯಿಸಿಯೇ ಕೊಡಿ.