ಟೆಂಡರ್ ಪಾಠಕ್ಕೊಂದು ಮುರಿದ ಕುರ್ಚಿ

ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯೊಂದರ ಖರೀದಿ ಶಾಖೆಯಲ್ಲಿದ್ದವನು ನಾನು. ನಿವೃತ್ತಿಯ ಬಳಿಕ ಎಂ.ಎ. ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳಿಗೆ ಅತಿಥಿ ಉಪನ್ಯಾಸಕನಾದೆ. ಮೊದಲ ವರ್ಷ, ಸರ್ಕಾರಿ ಖರೀದಿ ಟೆಂಡರ್ ಮೂಲಕವೇ ಆಗಬೇಕೆನ್ನುವ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ನು ಒಂದನೇ ಪ್ರಕರಣದಿಂದಲೇ (ಸೆಕ್ಷನ್) ಓದಿಸಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚು ತೂಕಡಿಸುತ್ತಿತ್ತು. ಈ ಪಾಠ ಮಾಡಬೇಕಾದವರು ಕಾಯ್ದೆಯನ್ನು ಚೀಲದಲ್ಲೇ ಇಟ್ಟು, ತರಗತಿಗೆ ನಲವತ್ತು ಕುರ್ಚಿ ಕೊಳ್ಳಲು ಹೇಳಿ.

ಮೊದಲು ವಿನಿರ್ದೇಶ, ಅಂದರೆ ಕೊಳ್ಳುವ ವಸ್ತು ಹೇಗಿರಬೇಕೆಂಬ ವಿವರ, ಬರೆಸಿ. ಎಲ್ಲರೂ ‘ಉತ್ತಮ ಗುಣಮಟ್ಟದ, ಗಟ್ಟಿಮುಟ್ಟಾದ ಕುರ್ಚಿ’ ಎಂದೇ ಬರೆಯುತ್ತಾರೆ. ಆಗ ನಾನು ವರಾಂಡದಿಂದ ಕಾಲು ಮುರಿದ ಕುರ್ಚಿಯೊಂದನ್ನು ತಂದು ನಿಲ್ಲಿಸುತ್ತೇನೆ. ಕೊಳ್ಳುವಾಗ ಇದೂ ಗಟ್ಟಿಮುಟ್ಟಾಗಿಯೇ ಇತ್ತು. ಆಮೇಲೆ ತಾವಾಗಿಯೇ ಪೈಪಿನ ದಪ್ಪ, ಆಸನದ ಎತ್ತರ, ವಾರಂಟಿ, ಮೊದಲ ಮಹಡಿಗೆ ಸಾಗಿಸುವ ಕೂಲಿ ಯಾರದು ಎಂಬುದೆಲ್ಲ ಹಾಳೆಗೆ ಇಳಿಯುತ್ತವೆ. ಯಾರಾದರೊಬ್ಬರು ಮನೆಯಲ್ಲಿರುವ ಕಂಪನಿಯ ಹೆಸರು ಬರೆದೇ ಬರೆಯುತ್ತಾರೆ. ಬೈಯಬೇಡಿ. ಆ ಒಂದು ಹೆಸರಿನಿಂದ ಎಷ್ಟು ಮಾರಾಟಗಾರರು ಹೊರಗುಳಿದರು ಎಂದು ಅವರಿಂದಲೇ ಎಣಿಸಿ.

ಮುಂದಿನ ತರಗತಿಗೆ ದ್ವಿಲಕೋಟೆ ಪದ್ಧತಿ: ಅರ್ಹತೆಯ ದಾಖಲೆಗಳು ತಾಂತ್ರಿಕ ಲಕೋಟೆಯಲ್ಲಿ, ದರ ಇನ್ನೊಂದರಲ್ಲಿ; ಮೊದಲನೆಯದರಲ್ಲಿ ಪಾಸಾದವರ ದರವನ್ನಷ್ಟೇ ತೆರೆಯಬೇಕು. ಈಗ ಬಿಡ್‌ಗಳೆಲ್ಲ (ಮಾರಾಟಗಾರರು ಸಲ್ಲಿಸುವ ಟೆಂಡರ್‌ಗಳು) ಪೋರ್ಟಲ್‌ನಲ್ಲೇ ಬರುತ್ತವೆ, ಆದರೂ ನಾನು ಕಾಗದದ ಲಕೋಟೆಗೆ ಗೋಂದು ಹಚ್ಚಿಯೇ ಒಯ್ಯುತ್ತೇನೆ. ಅತಿ ಕಡಿಮೆ ದರ ಕೂಗಿದವನ ತಾಂತ್ರಿಕ ಲಕೋಟೆಯಲ್ಲಿ ಇ.ಎಂ.ಡಿ. (ಬಿಡ್ ಜೊತೆ ಕಟ್ಟಬೇಕಾದ ಠೇವಣಿ) ಇರುವುದಿಲ್ಲ, ಅದು ನನ್ನ ಕಿತಾಪತಿ. ಒಂದು ಗುಂಪಿಗೆ ಎರಡೂ ಲಕೋಟೆಗಳನ್ನು ಒಟ್ಟಿಗೆ ತೆರೆಯಲು ಬಿಡಿ. ದರ ಕಂಡದ್ದೇ ತಡ, ‘ಠೇವಣಿ ಆಮೇಲೆ ಕಟ್ಟಿಸಿಕೊಂಡರಾಯಿತು ಸಾರ್’ ಎಂದು ವಕಾಲತ್ತು ಶುರು. ದರ ನೋಡದ ಗುಂಪು ಅದೇ ಬಿಡ್ ಅನ್ನು ಎರಡು ನಿಮಿಷದಲ್ಲಿ ತಿರಸ್ಕರಿಸಿರುತ್ತದೆ.

ಇಷ್ಟಾದ ಮೇಲೆ ನಾಲ್ಕನೇ ಪ್ರಕರಣದ ವಿನಾಯಿತಿಗಳನ್ನು ಓದಿಸಿ. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ 4(ಜಿ) ವಿನಾಯಿತಿ ಏನೆಂದು ಈಗ ಅವರೇ ಕೇಳುತ್ತಾರೆ; ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಯೊಂದನ್ನು ಟೆಂಡರ್‌ನಿಂದ ಬಿಡುವುದೇ ಅದು. ಖರೀದಿಯನ್ನು ತುಂಡು ಮಾಡಿ, ಟೆಂಡರ್ ಕಡ್ಡಾಯವಾಗುವ ಮೊತ್ತದ ಕೆಳಗೆ ಇಳಿಸುವುದನ್ನಂತೂ ನಾನು ಸ್ವಂತ ಉದಾಹರಣೆಯಿಂದಲೇ ಹೇಳುತ್ತೇನೆ: ಮೇಲಧಿಕಾರಿ ಹೇಳಿದರೆಂದು ಒಂದೇ ಬೇಡಿಕೆಗೆ ಮೂರು ಕಡತ ತೆರೆದು, ಮೂರಕ್ಕೂ ಟಿಪ್ಪಣಿ ಬರೆದವನು ನಾನೇ. ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಎರಡು ವರ್ಷ ಉತ್ತರ ಬರೆದವನೂ ನಾನೇ.

ಪರೀಕ್ಷೆಗೆ ಪ್ರಬಂಧ ಬೇಡ. ತಿರಸ್ಕೃತನಾದ ಬಿಡ್‌ದಾರನಿಗೆ ಕಾರಣ ತಿಳಿಸುವ ಪತ್ರ ಬರೆಸಿ. ತರಗತಿಯ ಮಹಾ ಜಗಳಗಂಟಿಗೆ ಆ ಬಿಡ್‌ದಾರನ ಪಾತ್ರ ಕೊಟ್ಟು, 16ನೇ ಪ್ರಕರಣದಡಿ ಮೇಲ್ಮನವಿ ಹಾಕಿಸಿ.

ಅಂದ ಹಾಗೆ, ಮುರಿದ ಕುರ್ಚಿಯನ್ನು ವರಾಂಡದಲ್ಲೇ ತಿರುಗಿ ಇಡಿ. ಅದರ ವಿಲೇವಾರಿಗೆ ಬೇರೆ ಕಡತ ಬೇಕು.